ಎರಡು ಕೆಂಪು ಡ್ರಮ್ಮುಗಳ ನಡುವೆ ನಾನು ಹೋಗದ ಕಾರಣ

ನರಸಿಂಹರಾಜಪುರ
ಫೆಬ್ರವರಿ ೧೯೮೭

ವಾಟರ್ ಸ್ಕೂಟರ್ ಚಾಂಪಿಯನ್‌ಶಿಪ್ಪಿನ ಸಂಘಟನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ರಿಜಿಸ್ಟರ್ಡ್ ಪತ್ರ ತಲುಪಿತು. ಡಿಸೆಂಬರಿನ ಸ್ಪರ್ಧೆಯಲ್ಲಿ ಮೊದಲು ಗುರಿ ಮುಟ್ಟಿದ ನನ್ನನ್ನು 'ನಿಗದಿತ ಪಥವನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿದ' ಕಾರಣಕ್ಕೆ ಅನರ್ಹಗೊಳಿಸಿದ್ದೀರಿ. ಅಷ್ಟಕ್ಕೇ ಬಿಡದೆ, ಮೋಸ ಮಾಡಿದ್ದು ನಿಜವೆಂದು ಕ್ಷಮಾಪಣೆ ಬರೆದುಕೊಡದಿದ್ದರೆ ಇನ್ನು ಯಾವ ಸ್ಪರ್ಧೆಗೂ ಸೇರಿಸುವುದಿಲ್ಲ ಎಂದಿದ್ದೀರಿ. ಕ್ಷಮಾಪಣೆಯನ್ನೂ ತಾವೇ ಟೈಪು ಮಾಡಿಸಿ ಕಳಿಸಿದ್ದೀರಿ. ನನ್ನ ಸಹಿಯೊಂದೇ ಬಾಕಿ. ಇಷ್ಟು ಚುರುಕಿನ ಸೇವೆ ನನಗೆ ಈ ಜನ್ಮದಲ್ಲಿ ಯಾವ ಕಚೇರಿಯಿಂದಲೂ ಸಿಕ್ಕಿದ್ದಿಲ್ಲ. ಆದರೂ ನಾನು ಸಹಿ ಹಾಕುವುದಿಲ್ಲ. ಯಾಕೆಂಬುದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಇಲ್ಲಿಯ ಬಜಾರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಒಬ್ಬನೇ ಕೂತು ನೀರಿನ ಮೇಲೆ ಓಡಿಸುವ ಮೋಟಾರು ಬಂಡಿಗೆ ವಾಟರ್ ಸ್ಕೂಟರ್ ಎನ್ನುತ್ತಾರೆಂದು ನನಗೆ ತಿಳಿದದ್ದೇ ತಮ್ಮ ಪೋಸ್ಟರಿನಿಂದ. 'ಸ್ವದೇಶಿ ಯಂತ್ರಗಳಿಗೂ ಸ್ವಾಗತ' ಎಂದು ಅದರಲ್ಲಿತ್ತು. ಸ್ವಾಗತ ಎಂದವರು ನಿಜವಾಗಿಯೂ ಯಾರಾದರೂ ಬಂದುಬಿಟ್ಟಾರು ಎಂದು ಯೋಚಿಸಿರಲಿಕ್ಕಿಲ್ಲ. ನಾನೂ ನನ್ನ ಗೆಳೆಯ ಕಲ್ಲೇಶಪ್ಪನೂ ಸೇರಿ, ಗುಜರಿಗೆ ಹೊರಟಿದ್ದ ಒಂದು ಬೈಕಿನ ಎಂಜಿನ್ನಿಗೆ ನೀರೆತ್ತುವ ಪಂಪು ಜೋಡಿಸಿ, ಫೈಬರ್ ತೊಟ್ಟಿಯೊಂದನ್ನು ಸೀಳಿ ಮೈ ಮಾಡಿ, ನೀರು ಎಳೆಯುವ ಬಾಯಿಗೆ ಕೋಳಿಗೂಡಿನ ಜಾಲರಿ ಬಿಗಿದೆವು. ಬೊಂಬಾಯಿಯಿಂದ ಬಂದಿದ್ದ ಫಾರಿನ್ ಯಂತ್ರಗಳ ಪಕ್ಕ ಅದನ್ನು ನಿಲ್ಲಿಸಿದಾಗ ತಮ್ಮ ತೀರ್ಪುಗಾರರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ನೆಗಡಿ ಇದ್ದಿರಬಹುದು.

ಇನ್ನು ಪಥದ ವಿಷಯ. ಭದ್ರಾ ಹಿನ್ನೀರಿನಲ್ಲಿ ತಾವು ಎರಡು ಕೆಂಪು ಡ್ರಮ್ಮು ತೇಲಿಬಿಟ್ಟು, ಪ್ರತಿ ಸುತ್ತಿನಲ್ಲೂ ಅವುಗಳ ನಡುವೆಯೇ ನುಗ್ಗಿ ಹೋಗಬೇಕೆಂದು ನಿಯಮ ಮಾಡಿದಿರಿ. ತಮ್ಮ ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ ಬಳಿದಿದೆ. ಬೋಳುಗುಡ್ಡದ ನೆತ್ತಿಯೂ ನೀರಲ್ಲಿ ಒಣಗಿ ನಿಂತ ಮತ್ತಿಮರವೂ ಒಂದೇ ಗೆರೆಗೆ ಬರುವ ಆ ಜಾಗದಲ್ಲಿ, ನೀರಿನ ಕೆಳಗೆ, ನಮ್ಮ ಹಳೇ ಊರಿನ ಖಬರಸ್ತಾನ ಇದೆ. ಅಣೆಕಟ್ಟು ಕಟ್ಟಿ ಊರು ಬಿಡಿಸಿದಾಗ ಮನೆ, ಕೊಟ್ಟಿಗೆ, ಬಾವಿ, ಹಲಸಿನ ಮರ ಎಲ್ಲವನ್ನೂ ಫಾರಮ್ಮಿನಲ್ಲಿ ಬರೆದುಕೊಂಡರು. ಗೋರಿಗೆ ಕಾಲಂ ಇರಲಿಲ್ಲ. ನನ್ನ ತಂದೆ ಮಹಮ್ಮದ್ ಸಾಹೇಬರು ಅಲ್ಲೇ ಉಳಿದರು. ಬದುಕಿದ್ದಾಗ ಅವರ ಮುಂದೆ ಯಾರಾದರೂ ಸೈಕಲ್ಲನ್ನು ಜೋರಾಗಿ ಓಡಿಸಿದರೆ ಚಪ್ಪಲಿ ತೆಗೆದು ಎಸೆಯುತ್ತಿದ್ದ ಮನುಷ್ಯ ಅವರು. ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಸ್ಪರ್ಧೆಯ ಹಿಂದಿನ ದಿನವೇ ನಾನು ತಮ್ಮ ಡೇರೆಗೆ ಬಂದು ಇದನ್ನು ಹೇಳಿದ್ದೆ. ಡ್ರಮ್ಮುಗಳನ್ನು ನೂರು ಅಡಿ ಆಚೆ ಸರಿಸಿ ಎಂದು ಕೈಮುಗಿದಿದ್ದೆ. "ಏನ್ರೀ ಇದು, ಅಲ್ಲಿ ನೀರು ಬಿಟ್ಟರೆ ಬೇರೇನಿದೆ? ನಾಳೆ ಮೀನುಗಳ ಕೈಲೂ ಅರ್ಜಿ ಹಾಕಿಸ್ತೀರಾ?" ಎಂದು ತಾವು ನಕ್ಕಿರಿ. ಡೇರೆಯಲ್ಲಿದ್ದವರೆಲ್ಲ ತಮ್ಮ ಜೊತೆ ನಕ್ಕರು.

ಹೊರಗೆ ಬಂದಾಗ ಕಲ್ಲೇಶಪ್ಪ ನನ್ನ ಭುಜ ಹಿಡಿದ. ನಾವು ಗೆದ್ದರೆ ಇಡೀ ಬಜಾರಿಗೆ ಮಂಡಕ್ಕಿ ಹಂಚುವುದಾಗಿ ಆಗಲೇ ಸಾರಿಕೊಂಡು ಬಂದಿದ್ದ.

"ಒಂದ್ಸಲ ಕಣ್ಣು ಮುಚ್ಕಂಡು ಹೋಗ್ಬಿಡು ಮಾರಾಯ. ನಿಮ್ಮಪ್ಪ ಎದ್ದು ಬಂದು ಹಿಡ್ಕಳ್ತಾರಾ?"

"ನಿಮ್ಮಜ್ಜನ್ನ ಎಲ್ಲಿ ಮಣ್ಣು ಮಾಡಿದ್ದು?"

"ಅಲ್ಲೇ, ನಿಮ್ಮ ಖಬರಸ್ತಾನದ ಬೇಲಿ ಆಚೆ."

"ಹಂಗಾರೆ ಆ ಡ್ರಮ್ಮು ಎಲ್ಲಿ ಬತ್ತದೆ ಅಂತ ಸ್ವಲ್ಪ ನೋಡು."

ಕಲ್ಲೇಶಪ್ಪ ನೋಡಿದ. ಆಮೇಲೆ ಅವನು ಮಂಡಕ್ಕಿಯ ಸುದ್ದಿ ಎತ್ತಲಿಲ್ಲ.

ಮರುದಿನ ಏನಾಯಿತೆಂಬುದಕ್ಕೆ ದಡದ ತುಂಬ ಸಾಕ್ಷಿಗಳಿದ್ದಾರೆ. ಒಂದು ಫಾರಿನ್ ಯಂತ್ರ ಜೊಂಡು ನುಂಗಿ ಕೆಮ್ಮುತ್ತ ನಿಂತಿತು. ಇನ್ನೊಂದು ಮುಳುಗಿದ ಮರದ ಬೊಡ್ಡೆ ಹತ್ತಿ ಕೂತಿತು. ಕೋಳಿಗೂಡಿನ ಜಾಲರಿ ಮಾತ್ರ ತನ್ನ ಕೆಲಸ ಮಾಡಿತು. ಮೂರು ಸುತ್ತಿನಲ್ಲೂ ನಾನು ಡ್ರಮ್ಮುಗಳ ಹತ್ತಿರ ವೇಗ ಇಳಿಸಿ, ಒಂದು ಕೈ ಹಣೆಗೆ ಮುಟ್ಟಿಸಿ, ಆಚೆ ಕಡೆಯಿಂದ ದೊಡ್ಡದಾಗಿ ಸುತ್ತುಹಾಕಿ ಹೋದೆ. "ಸುತ್ತಿ ಹೋಗು ಇಸಾಕ, ಸುತ್ತಿ ಹೋಗು!" ಎಂದು ಕಲ್ಲೇಶಪ್ಪ ದಡದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೊನೆಯ ಸುತ್ತಿನಲ್ಲಿ ಉಳಿದ ಒಬ್ಬನೇ ಎದುರಾಳಿ ನನ್ನನ್ನು ಹಿಂದೆ ಹಾಕಿದ. ಆಮೇಲೆ ನಾನು ಅವನನ್ನು ಹಿಂದೆ ಹಾಕಿದೆ. ಅದಕ್ಕೂ ನಿಯಮದಲ್ಲಿ ಅಡ್ಡಿ ಇದೆಯೇನೋ, ಪುಸ್ತಕ ನೋಡಿ ತಿಳಿಸಿ.

ಈಗ ಹೇಳಿ ಅಧ್ಯಕ್ಷರೇ, ದೂರದ ದಾರಿ ಹಿಡಿದು ಮೋಸ ಮಾಡಿದವನನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ? ಹಾಗೆ ಮೋಸ ಮಾಡುವುದರಿಂದ ನನಗೆ ಸಿಕ್ಕಿದ ಲಾಭವಾದರೂ ಯಾವುದು? ಡ್ರಮ್ಮುಗಳ ನಡುವೆ ಹೋಗಲಿಲ್ಲ ಎಂದರೆ ಒಪ್ಪುತ್ತೇನೆ. ಅದಕ್ಕಾಗಿ ಬಹುಮಾನದ ಕಪ್ಪನ್ನು ಕಸಿದುಕೊಂಡಿರಿ, ಅದನ್ನೂ ಒಪ್ಪುತ್ತೇನೆ, ನಿಯಮ ತಮ್ಮದು. ಆದರೆ ಆ ಟೈಪು ಮಾಡಿದ ಕಾಗದದಲ್ಲಿ 'ಸದರಿ ಸ್ಥಳದಲ್ಲಿ ನೀರಿನ ಹೊರತು ಯಾವುದೂ ಇರುವುದಿಲ್ಲವೆಂದು ನನಗೆ ತಿಳಿದಿದ್ದರೂ' ಎಂಬ ಒಂದು ಸಾಲಿದೆ. ಅದನ್ನು ನನ್ನ ತಾಯಿ ಬೀಬಿ ಜಾನ್‌ಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ನನಗೆ ತಮ್ಮ ಮೇಲೆ ಸಿಟ್ಟು ಬಂದಿದೆ. ಅಲ್ಲಿಯವರೆಗೆ ನಗುವೇ ಬರುತ್ತಿತ್ತು.

ನನ್ನದೊಂದು ಬೇಡಿಕೆ. ಮೇ ತಿಂಗಳಲ್ಲಿ ಹಿನ್ನೀರು ಇಳಿಯುತ್ತದೆ. ಆಗ ಗೋರಿಗಳು ಒಂದೊಂದಾಗಿ ಮೇಲೆ ಬರುತ್ತವೆ. ನಾವು ಹೋಗಿ ಕೆಸರು ತೊಳೆದು, ಫಾತಿಹಾ ಓದಿ ಬರುತ್ತೇವೆ. ಬೇಲಿಯಾಚೆ ಕಲ್ಲೇಶಪ್ಪ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾನೆ. ತಾವೂ ಬನ್ನಿ. ಜೀಪು ದಡದಲ್ಲೇ ಇರಲಿ, ಬೂಟು ಅಲ್ಲೇ ಬಿಡಿ. ಕ್ಷಮಾಪಣೆ ಕಾಗದ ತನ್ನಿ, ಪೆನ್ನು ನಾನು ತರುತ್ತೇನೆ. ನನ್ನ ತಾಯಿ ಬರಿಗೈಯಿಂದ ತಂದೆಯ ಗೋರಿಯ ಕಲ್ಲು ತೊಳೆಯುತ್ತಿರುವಾಗ, ಅವರ ಪಕ್ಕದಲ್ಲಿ ನಿಂತು ಆ ಸಾಲನ್ನು ಅವರಿಗೆ ಕೇಳುವಂತೆ ಓದಿ. ಓದಿ ಮುಗಿಸಲು ತಮ್ಮಿಂದ ಆದರೆ, ನಾನು ಅಲ್ಲೇ ಸಹಿ ಹಾಕುತ್ತೇನೆ.

ಇಂತಿ,
ಮೊದಲು ಬಂದೂ ಯಾವ ಸ್ಥಾನವೂ ಇಲ್ಲದ,
ಇಸಾಕ್, ಪಂಪ್‌ಸೆಟ್ ರಿಪೇರಿ