ಹಿಂದಿನ ಕೋಣೆಯ ಕಪ್ಪು ಬಣ್ಣ

ಅಣ್ಣಿಗೇರಿ
ಬುಧವಾರ

ಈರಪ್ಪ ಕಾಕಾ ಅವರಿಗೆ, ನಿಮ್ಮ ಬಾಡಿಗೆ ಮನೆಯ ನಾಜಮೀನ್ ಮಾಡುವ ಸಲಾಂ.

ಕೋಣೆ ಕಪ್ಪಾದ ಸುದ್ದಿ ಕೇಳಿ, ಮನೆ ಖಾಲಿ ಮಾಡು ಎಂದು ಕುಬಿಹಾಳದಿಂದ ಫೋನ್ ಮಾಡಿದಿರಿ. ಸಿಟ್ಟಿನಲ್ಲಿ ನನ್ನ ಮಾತು ಕೇಳಲಿಲ್ಲ, ಅದಕ್ಕೇ ಈ ಪತ್ರ. ಹಿಂದಿನ ಕೋಣೆಗೆ ಕಪ್ಪು ಬಣ್ಣ ಹಚ್ಚಿದವಳು ನಾನೇ. ನಿಮ್ಮನ್ನು ಕೇಳದೆ ಹಚ್ಚಿದ್ದಕ್ಕೆ ಕ್ಷಮಿಸಿ.

ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡುವ ತೆಳು ದೀಪದ ಹಲಗೆಯನ್ನು ನಾನು ಕಂಪ್ಯೂಟರಿನಲ್ಲಿ ರೂಪಿಸುತ್ತೇನೆ. ಅಂಚಿನಿಂದ ಒಳಹೊಕ್ಕ ಬೆಳಕನ್ನು ಹಿಂಬದಿಯ ಸಾವಿರಾರು ಸಣ್ಣ ಕುಳಿಗಳು ಮುಂದಕ್ಕೆ ತಳ್ಳುತ್ತವೆ. ನನ್ನ ಪರದೆಯ ಮೇಲೆ ಬೆಳಕು ಎಲ್ಲೆಡೆ ಸಮ ಇತ್ತು. ಅಚ್ಚಿನಿಂದ ಬಂದ ಹಲಗೆಯಲ್ಲಿ ಒಂದು ಮೂಲೆ ಮಂಕಾಗಿತ್ತು. ಕೆಲಸ ಬೇರೆಯವರಿಗೆ ಕೊಡುತ್ತೇವೆಂದು ಹಲಗೆ ಮಾಡಿಸುವ ಕಂಪನಿಯವರು ಬರೆದರು.

ತಪ್ಪು ಹುಡುಕಲು ಹಿಂದಿನ ಕೋಣೆಯಲ್ಲಿ ಹಲಗೆಯ ಬೆಳಕು ಅಳೆಯುವಾಗ, ಬಿಳಿ ಗೋಡೆಯಿಂದ ಬೆಳಕು ಮರಳಿ ಬಿದ್ದು ಅಳತೆ ಕೆಡುತ್ತಿತ್ತು. ಅದಕ್ಕೇ ಕಪ್ಪು ಹಚ್ಚಿದೆ. ನಿಮ್ಮ ಜೊತೆ ಊರಿಗೆ ಹೋಗದೆ ಇಲ್ಲೇ ಉಳಿದಿದ್ದ ನೀಲಕ್ಕ ಕಾಕು ಬಾಗಿಲಲ್ಲಿ ನಿಂತು, "ಏನ್ ಮಾಡಾಕತ್ತೀಬೇ? ನಿಮ್ಮ ಕಾಕಾ ಬಂದ್ರ ಕುಣೀತಾರ!" ಎಂದರು. ಆಮೇಲೆ ತಾವೇ ಬೆಳಕಿನ ಮೀಟರ್ ಹಿಡಿದು ಕೂತರು. ಮೂರನೆಯ ದಿನ ತಪ್ಪು ಸಿಕ್ಕಿತು. ನಾನು ಕಂಪ್ಯೂಟರಿನಲ್ಲಿ ಕುಳಿಗಳ ಅಂಚನ್ನು ಚೂಪಾಗಿ ಬಿಡಿಸಿದ್ದೆ, ಅಚ್ಚಿನಲ್ಲಿ ಅವು ದುಂಡಗೆ ಬಂದಿದ್ದವು. ದುಂಡಗೆ ಬಿಡಿಸಿದ ಕೂಡಲೇ ಪರದೆಯಲ್ಲೂ ಅದೇ ಮೂಲೆ ಮಂಕಾಯಿತು. ಅಲ್ಲಿ ಕುಳಿಗಳನ್ನು ಒತ್ತೊತ್ತಾಗಿ ಇಟ್ಟೆ. ನಿನ್ನೆ ಹೊಸ ಹಲಗೆ ಬಂತು. ಕಾಕು ನಾಲ್ಕೂ ಮೂಲೆ ಅಳೆದು, "ಅಗದಿ ಸಮ ಐತಿ ನೋಡು" ಎಂದರು. ಆ ಅಳತೆ ನೋಡಿ ಕಂಪನಿಯವರು ಕೆಲಸ ನನ್ನ ಕೈಯಲ್ಲೇ ಉಳಿಸಿದರು.

ಭಾನುವಾರ ಬಂದು ನೋಡಿ. ಆಮೇಲೂ ಮನೆ ಬಿಡು ಎಂದರೆ ಸುಣ್ಣ ಹಚ್ಚಿಕೊಟ್ಟೇ ಹೋಗುತ್ತೇನೆ. ಆದರೆ ಮುಂದಿನ ಹಲಗೆಗೂ ತಾವೇ ಮೀಟರ್ ಹಿಡಿಯುವುದಾಗಿ ಕಾಕು ಹೇಳಿದ್ದಾರೆ. ಬೇಡವೆಂದು ಅವರಿಗೆ ನೀವೇ ಹೇಳಬೇಕು.

ನಾಜಮೀನ್