ಅಳಿಸುವ ಮದ್ದು

ಕಿಯೋಟಾ, ಚಿಲಿ
ಜನವರಿ 8, 1998

ನನ್ನ ಮುದ್ದು ಯಾಸ್ನಾ,

ಮೊಮ್ಮಗ ಬೆನಿಸಿಯೊನ ಕಿವಿ ಬಿಸಿಲಿಗೆ ಸುಲಿದದ್ದು ಅಕ್ಟೋಬರ್‌ನಲ್ಲಿ, ನನಗೆ ತಿಳಿಸುವುದು ಜನವರಿಯಲ್ಲಿ. ಅಜ್ಜಿ ಇನ್ನೂ ಬದುಕಿದ್ದಾಳೆ ಎಂಬುದು ನೆನಪಿದೆಯೇನೇ? ಓಝೋನ್ ತೆಳುವಾದ ದಿನ ದೇಶದ ದಕ್ಷಿಣ ತುದಿಯಲ್ಲಿ ನೀನು ಪಾಠ ಹೇಳುವ ಪುಂತಾ ಅರೇನಾಸ್‌ನ ಶಾಲೆಯಲ್ಲಿ ಮಕ್ಕಳನ್ನು ಅಂಗಳಕ್ಕೇ ಬಿಡುವುದಿಲ್ಲವಂತೆ. ನಾಲ್ಕು ವರ್ಷದ ಕೂಸು ಕಿಟಕಿಯಿಂದ ಬಿಸಿಲು ನೋಡಬೇಕೆ?

ಟೊಮೆಟೊ ನೆಡುವ ಮೊದಲು ಹುಳು ಸಾಯಲೆಂದು ನಾನು ಮಣ್ಣಿಗೆ ಹಾಯಿಸುವ ಗ್ಯಾಸೂ ಆ ಓಝೋನನ್ನು ತಿನ್ನುತ್ತದೆ, ಈ ವರ್ಷ ಬಿಟ್ಟುಬಿಡಮ್ಮ ಎಂದು ಬರೆದಿದ್ದೀಯ. ಮೊದಲು ಸಿಟ್ಟೇ ಬಂತು. ಫ್ರಿಜ್ಜಿನ ಗ್ಯಾಸ್ ಮಾಡಿದ ಪಾಪವನ್ನೂ ನನ್ನ ತಲೆಗೇ ಕಟ್ಟಬೇಕೆ? ಗ್ಯಾಸಿಲ್ಲದಿದ್ದರೆ ಬೇರುಗಂಟಿನ ಹುಳು ಒಂದು ಗಿಡವನ್ನಾದರೂ ಉಳಿಸೀತೆ? ನನ್ನದಿರಲಿ, ಎಂಟು ಆಳುಗಳ ಅನ್ನ ಈ ಹಸಿರುಮನೆಯಲ್ಲಿದೆ.

ಆದರೂ ಹಸಿರುಮನೆಯಲ್ಲೇ ನಿಂತು ನಿನ್ನ ಕಾಗದವನ್ನು ಎರಡನೇ ಸಲ ಓದುವಾಗ ಅತ್ತುಬಿಟ್ಟೆ. ಅದೇ ತಪ್ಪಾಯಿತು. ಹೊಸ ಸಿಲಿಂಡರ್‌ಗಳು ಬಂದು ಮೂಲೆಯಲ್ಲಿದ್ದವು. ಆ ವಿಷದ ಗ್ಯಾಸಿಗೆ ವಾಸನೆಯಿಲ್ಲವೆಂದು, ಸೋರಿದರೆ ತಿಳಿಯಲೆಂದು ಅದಕ್ಕೆ ಕಣ್ಣುರಿಸುವ ಮದ್ದು ಬೆರೆಸಿರುತ್ತಾರಲ್ಲ. ಇಲ್ಲಿ ಯಾರ ಕಣ್ಣಲ್ಲಿ ನೀರು ಕಂಡರೂ ಉಳಿದವರು ಏನಾಯಿತೆಂದು ಕೇಳುವುದಿಲ್ಲ, ಓಡುತ್ತಾರೆ. ಮೇಸ್ತ್ರಿ ನೊಲ್ಬೆರ್ತೊ "ಸೋರ್ತಿದೆ, ಎಲ್ರೂ ಹೊರಗೆ ನಡೀರಿ" ಎಂದು ಕೂಗಿದ. ದಪ್ಪ ಓರ್ಫೆಲಿನಾ ಒಂದು ಬೂಟನ್ನು ಕೆಸರಲ್ಲೇ ಬಿಟ್ಟು ಓಡಿದಳು.

ಏನೂ ಸೋರಿಲ್ಲ, ಮಗಳ ಕಾಗದಕ್ಕೆ ಅತ್ತೆ ಎಂದು ಒಪ್ಪಿಕೊಂಡೆ. "ಅಳೋದಿದ್ರೆ ಮನೇಲಿ ಅಳ್ರಮ್ಮಾ, ನನ್ನ ಅರ್ಧ ಜೀವ ಹೋಯ್ತು" ಎಂದು ಓರ್ಫೆಲಿನಾ ಗದರಿದಳು. ಎಲ್ಲರಿಗೂ ಕಾಗದ ಓದಿ ಹೇಳಬೇಕಾಯಿತು. ನೊಲ್ಬೆರ್ತೊ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಪುಡಿ ಮಾಡಿದ. ಆಮೇಲೆ, "ಕೆಲವ್ರು ಮಣ್ಣು ನೆನೆಸಿ, ಪ್ಲಾಸ್ಟಿಕ್ ಹೊದಿಸಿ ಈ ಬೇಸಿಗೆ ಬಿಸಿಲಲ್ಲೇ ಬೇಯಿಸ್ತಾರಂತೆ. ಆರು ವಾರ ಹಿಡಿಯುತ್ತೆ. ಹುಳ ಪೂರ್ತಿ ಸಾಯುತ್ತೋ ಇಲ್ವೋ ದೇವರಿಗೇ ಗೊತ್ತು. ಮಾಡಿ ನೋಡೋಣ್ವಾ?" ಎಂದ.

ನಿನ್ನೆ ಹೊದಿಸಿದೆವು. ಸಿಲಿಂಡರ್‌ಗಳನ್ನೆಲ್ಲ ಅಂಗಡಿಗೆ ಹಿಂದಿರುಗಿಸಿದೆ. ಭಯವಿದೆ ಮಗಳೇ, ಬಹಳ ಭಯವಿದೆ. ಕೂಸಿನ ಕಿವಿಗೆ ನನ್ನದೊಂದು ಮುತ್ತು ಕೊಡು, ಮೆತ್ತಗೆ.

ನಿನ್ನನ್ನು ಬೈಯದೆ ಇರಲಾರದ
ಅಮ್ಮ, ಎರ್ಸಿಲಿಯಾ

ಮತ್ತೊಂದು ಮಾತು: 'ಎಲ್ಲ' ಎಂದು ಬರೆದದ್ದು ಸುಳ್ಳು. ಒಂದು ಸಿಲಿಂಡರನ್ನು ಗೊಬ್ಬರದ ಚೀಲಗಳ ಹಿಂದೆ ಇಟ್ಟುಕೊಂಡಿದ್ದೇನೆ, ನೊಲ್ಬೆರ್ತೊಗೂ ಗೊತ್ತಿಲ್ಲ. ಆರು ವಾರ ಕಳೆದು ಫೆಬ್ರವರಿಯಲ್ಲಿ ಪ್ಲಾಸ್ಟಿಕ್ ತೆಗೆದಾಗ ಹುಳು ಕಂಡರೆ ನಾನೇನು ಮಾಡುವೆನೋ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಬೇಸಿಗೆ ರಜೆ ಮುಗಿದು ನಿನ್ನ ಶಾಲೆ ತೆರೆಯುವ ಮೊದಲು ಕೂಸನ್ನು ಕರೆದುಕೊಂಡು ಬಾ. ಅವನು ಮನೆಯಲ್ಲಿದ್ದರೆ ಆ ಸಿಲಿಂಡರಿನ ಬಾಯಿ ತೆರೆಯಲು ನನಗೆ ಕೈ ಬರುವುದಿಲ್ಲ.