ಜಾನಪ್ಪ ಯಾಕೆ ಮರಳಿ ಹೋದ

ಅಪ್ಪಾ,

ಒಂಬತ್ತನೇ ಇಯತ್ತೆಯ ಆ ಮಧ್ಯಾಹ್ನ ನಿನಗೆ ನೆನಪಿದೆಯೇ? ನೀನು ಪುಸ್ತಕದಲ್ಲಿಲ್ಲದ ಪಾಠ ಹೇಳುತ್ತಿದ್ದೆ. ಫ್ರಾನ್ಸಿನ ಅರಸ, ಎರಡನೆಯ ಜಾನ್. ನಮ್ಮ ನಾಲಿಗೆಗೆ ಒಗ್ಗಲೆಂದು ಅವನನ್ನು ಜಾನಪ್ಪ ಮಾಡಿದ್ದೆ. ಪ್ಲೇಗು ಊರೂರು ಗುಡಿಸಿದ ಕಾಲದಲ್ಲಿ ಪಟ್ಟಕ್ಕೆ ಬಂದವನು, ಮುಂಗೋಪಿ, ಇಂಗ್ಲಿಷರ ಎದುರು ಕಾದಾಡಿ ಸಿಕ್ಕಿಬಿದ್ದವನು. "ಆಳಿದ್ದು ನೋಡಿದ್ರ ಬರೇ ಸೋಲು. ಹೆಸರು ಮಾತ್ರ ಒಳ್ಳೆಯ ಜಾನ್," ಅಂದಿದ್ದೆ. ಬಿಡುಗಡೆಯ ಹಣ ಸಲ್ಲುವ ತನಕ ಮಕ್ಕಳನ್ನು ಒತ್ತೆಯಿಟ್ಟು ಅವನು ತನ್ನ ದೇಶಕ್ಕೆ ಬಂದ. ಒತ್ತೆಯಿದ್ದ ಒಬ್ಬ ಮಗ ಹೆಂಡತಿಯ ಬಳಿಗೆ ಓಡಿಹೋದ. ಮಗ ತಪ್ಪಿದ ಮಾತಿಗೆ ಅಪ್ಪನೇ ಎದ್ದು ಲಂಡನ್ನಿಗೆ ಹೋದ. ಸೆರೆಗೆ ಮರಳಿದ. ಅಲ್ಲೇ ಸತ್ತ.

ನಮ್ಮ ಕಡೆ ಸೆರಿ ಅಂದರೆ ಹೆಂಡವೂ ಹೌದು. "ಸೆರಿ ಕುಡ್ಯಾಕ ಅಷ್ಟ ದೂರ ಹೋದನ್ರಿ ಸರ್?" ಎಂದು ಕೇಳಿದವನು ನಾನೇ. ತರಗತಿ ನಕ್ಕಿತು, ನೀನೂ ನಕ್ಕೆ.

"ನಿನ್ನಂಗ ಅಂದವ್ರು ಆಗೂ ಇದ್ರಲೇ. ಅಲ್ಲಿ ಊಟ, ಹಾಡು, ಬ್ಯಾಟಿ ಎಲ್ಲಾ ಇತ್ತು. ಮಾತಿಗಲ್ಲ, ಮೋಜಿಗೆ ಹೋದಾ ಅಂತ ಅವನ ಮಂದೀನ ಆಡಿಕೊಂಡ್ರು."

"ಖರೆ ಯಾವ್ದ್ರಿ?"

"ಅವ ಬರದಿಟ್ಟಿಲ್ಲೋ ತಮ್ಮಾ."

ಆಮೇಲೆ ಎಷ್ಟೋ ವರ್ಷಕ್ಕೆ, ಬೀಳಗಿಯ ಕಡೆಯ ನಮ್ಮೂರಿಗೆ ಅಣೆಕಟ್ಟಿನ ಹಿನ್ನೀರು ಏರಿದ ಮಳೆಗಾಲ ನೆನಪಾದಾಗಲೆಲ್ಲ ಈ ನಗು ಮೊದಲು ಬರುತ್ತದೆ. ಊರಿನವರು ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಹೇರಿ ಹೊಸ ಊರಿಗೆ ಹೋಗಿದ್ದರು. ಉಳಿದದ್ದು ನಮ್ಮ ಮನೆ ಮತ್ತು ಕುರಿಗಾರರ ಕಲ್ಲವ್ವನ ಮನೆ. "ಮಗಾ ಕುರಿ ಹೊಡಕೊಂಡು ಬರೂತನಕ ನಾ ಏಳಂಗಿಲ್ರಿ ಮಾಸ್ತರ. ಬಂದು ಖಾಲಿ ಊರ ನೋಡಿದ್ರ ಏನ್ ಮಾಡ್ಯಾನು?" ಅಂದಳು. ನೀನು ಅಲ್ಲೇ ಮಾತು ಕೊಟ್ಟೆ: "ನೀ ಏಳೂತನಕ ನಮ್ಮ ಮನ್ಯಾಗಿನವ್ರು ಒಬ್ರು ಇಲ್ಲಿರ್ತೀವಿ." ನಿನಗೆ ದಮ್ಮು ಹೆಚ್ಚಾಗಿ ಜಮಖಂಡಿಯ ದವಾಖಾನೆಗೆ ಸೇರಿಸಿದಾಗ ಆ ಒಬ್ಬರು ನಾನಾದೆ.

ಎರಡು ದಿನ ಇದ್ದೆ. ಮೂರನೆಯ ದಿನ ನೀರು ಶಾಲೆಯ ಮೆಟ್ಟಿಲು ಮುಟ್ಟಿತು. ಹೆದರಿದೆನೇ? ಅದೂ ಅಲ್ಲ. ಕಲ್ಲವ್ವನನ್ನು ಬಿಟ್ಟರೆ ಯಾರೂ ಇಲ್ಲದ ಓಣಿಯಲ್ಲಿ ನನ್ನ ಕೆಮ್ಮೇ ನನಗೆ ಬೇರೆಯವರದು ಅನಿಸತೊಡಗಿತ್ತು. ಡಾಂಬರು ರಸ್ತೆಯ ತನಕ ನಡೆದು ಬನಹಟ್ಟಿ ಬಸ್ಸು ಹತ್ತಿದೆ. ಹೆಂಡತಿ ಅಲ್ಲಿ ತವರಿನಲ್ಲಿದ್ದಳು. ಒಂದೇ ದಿನ ಅಂದುಕೊಂಡಿದ್ದೆ, ಆಮೇಲೆ ಇನ್ನೊಂದು...

ಸುದ್ದಿ ನಿನಗೆ ಯಾರು ಮುಟ್ಟಿಸಿದರೋ. ಡಾಕ್ಟರು ಬೇಡವೆಂದರೂ ನೀನು ಎದ್ದು ಊರಿಗೆ ಹೋದೆ. ಒಂಬತ್ತನೆಯ ದಿನ ನಾನು ಬಂದಾಗ ನಮ್ಮ ಪಡಸಾಲೆಯಲ್ಲಿ ನಿನ್ನನ್ನು ಮಲಗಿಸಿದ್ದರು. ಕಲ್ಲವ್ವ ತಲೆಯ ಹತ್ತಿರ ದೀಪ ಹಚ್ಚಿಟ್ಟು ಕೂತಿದ್ದಳು.

ಅಂದಿನಿಂದ ಬನಹಟ್ಟಿಯಲ್ಲೇ ಇದ್ದೇನೆ, ಮಾವನ ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಕಿಟಕಿ ತೆರೆದರೆ ಪಕ್ಕದ ಶೆಡ್ಡಿನ ಗೋಡೆ. ಕರೆಂಟು ಹೋಗಿ ಮಗ್ಗಗಳು ನಿಂತಾಗ ಮುಳುಗಿದ ಆ ಓಣಿಯ ಮೌನ ಒಳಗೆ ಬರುತ್ತದೆ. ಓಡಿಹೋದ ಮಗನ ಮುಂದಿನ ಕಥೆಯನ್ನು ನೀನು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ಕಳೆದ ವಾರ ಹೊಸ ಊರಿಗೆ ಹೋಗಿದ್ದೆ. ಕಲ್ಲವ್ವನ ಕಣ್ಣು ಮಂಜಾಗಿದೆ. ದನಿಯಿಂದ ಗುರುತು ಹಿಡಿದಳು. "ಆಯೀ, ನನ್ನ ದೆಸಿಂದ ಅಪ್ಪ ಸತ್ತ," ಅಂದೆ, ಮೊದಲ ಸಲ ಬಾಯಿಬಿಟ್ಟು.

"ಯಾರ ಹೇಳಿದ್ರು ನಿನಗ? ಅವತ್ತ ಮುಂಜಾನಿನ ನನ್ನ ಮಗಾ ಬಂದಿದ್ದ. ಗಂಟ ಕಟ್ಟಿ ಕುಂತಿದ್ದೆ. ಸಂಜಿಗೆ ನಿಮ್ಮಪ್ಪ ಬಂದಾ. 'ಇನ್ನ ನಾಕ ದಿನಾ ತಡೀಬೇ, ನೀ ಎದ್ರ ನನಗ ಇಲ್ಲಿರಾಕ ನೆಪಾ ಇಲ್ಲ' ಅಂದಾ."

ಅದು ಖರೆಯೇ? ಅಥವಾ ನನ್ನನ್ನು ಬಿಡಿಸಲು ಅವಳು ಕಟ್ಟಿದ ಮಾತೇ? ಖರೆಯಾದರೆ ನೀನು ನನಗಾಗಿ ಮರಳಲಿಲ್ಲ, ನಾನು ಬಿಡುಗಡೆಯಾದೆ. ಆದರೆ ನನಗಾಗಿ ಮರಳಲಿಲ್ಲ ಅನ್ನುವುದೂ... ನೀನೂ ಬರೆದಿಟ್ಟಿಲ್ಲ, ಅಪ್ಪಾ.

ಹೊರಡುವಾಗ ಅವಳು ಕೈ ಹಿಡಿದಳು. "ಬ್ಯಾಸಗ್ಯಾಗ ನೀರ ಇಳದ್ರ ನನ್ನ ಹೊಸ್ತಲಾ ಮ್ಯಾಲ ಕಾಣತೈತಂತ. ಒಮ್ಮೆ ಅದರ ಮ್ಯಾಲ ಕುಂದರ್ಬೇಕು. ಕರಕೊಂಡ ಹೋಗ್ತೀಯೇನು?"

"ಹೋಗೂಣು, ಆಯಿ."

"ನಡುವ ಬನಹಟ್ಟಿ ಬಸ್ಸ ಬಂದ್ರ?" ಅಂದು ನಕ್ಕಳು. ಹಲ್ಲಿಲ್ಲದ ಆ ನಗುವಿನಲ್ಲಿ ಚುಚ್ಚುವುದೇನೂ ಇರಲಿಲ್ಲ. ಅಥವಾ ಇತ್ತು.

ನೀರು ಇಳಿದಿದೆಯೆಂದು ಇವತ್ತು ಅವಳ ಮಗ ಫೋನು ಮಾಡಿದ್ದ. ನಾಳೆ ಹೋಗುತ್ತೇನೆ. ಅವಳು ಆ ಹೊಸ್ತಿಲ ಮೇಲೆ ಎಷ್ಟು ಹೊತ್ತು ಕೂತರೂ ಸರಿ. ಅವಳು ಏಳುವ ತನಕ ನಮ್ಮ ಮನೆಯವರು ಒಬ್ಬರು ಅಲ್ಲಿರುತ್ತಾರೆ.

ನಿನ್ನ ಮಗ